ಪಾಠ ಬಿಡಿಸಿದ ಮನೆ

(ಚಿಕ್ಕಮಗಳೂರಿನ ಓದುಗರ ಕೂಟವೊಂದರಲ್ಲಿ, ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ ಕಾದಂಬರಿ ಕುರಿತು ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಆಲ್ದೂರು, ಮೂಡಿಗೆರೆ ಕಡೆಯಿಂದ ಬಸ್ಸು ಹಿಡಿದು ಬಂದವರೂ ಇದ್ದೀರಿ. ತುಂಬಾ ಸಂತೋಷ.

‘ವುದರಿಂಗ್ ಹೈಟ್ಸ್’ ಅಂದ ಕೂಡಲೇ ಪುಸ್ತಕ ಓದದವರಿಗೂ ಒಂದು ಚಿತ್ರ ಕಣ್ಣಮುಂದೆ ಬರುತ್ತದೆ. ಬೋಳು ಗುಡ್ಡ, ಬಿರುಗಾಳಿ, ಸತ್ತವಳ ಹೆಸರು ಕೂಗುತ್ತಾ ಅಲೆಯುವ ಗಂಡಸು. ಇದು ಬಹುಪಾಲು ಸಿನಿಮಾಗಳು ಕೊಟ್ಟ ಚಿತ್ರ. 1939ರ ಹಾಲಿವುಡ್ ಸಿನಿಮಾ ಎರಡನೇ ತಲೆಮಾರಿನ ಕಥೆಯನ್ನು ಪೂರ್ತಿ ಕೈಬಿಟ್ಟಿತು. ಪುಸ್ತಕದಲ್ಲಿ 34 ಅಧ್ಯಾಯಗಳಿವೆ. ಕ್ಯಾಥರೀನ್ ಸಾಯುವುದು 16ನೆಯದರಲ್ಲಿ. ಅಂದರೆ ನಾಯಕಿ ಸತ್ತ ಮೇಲೆ ಅರ್ಧಕ್ಕಿಂತ ಜಾಸ್ತಿ ಕಥೆ ಬಾಕಿ ಇದೆ. ಎಮಿಲಿ ಅದನ್ನು ಸುಮ್ನೆ ಬರೆದಿಲ್ಲ.

ನನ್ನ ಮಟ್ಟಿಗೆ ಈ ಪುಸ್ತಕದ ಕೇಂದ್ರ ಒಬ್ಬ ಹುಡುಗನ ಪಾಠ ಬಿಡಿಸಿದ ಸಂಗತಿ. ಅದು ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತದೆ. ಓದುವ ಅವಸರದಲ್ಲಿ ಗಮನಕ್ಕೇ ಬರುವುದಿಲ್ಲ. ಆದರೆ ಮುಂದಿನ ಅನಾಹುತವೆಲ್ಲ ಅಲ್ಲಿಂದಲೇ ಶುರು. ಕ್ಯಾಥರೀನ್ ಮತ್ತು ಹೀತ್‌ಕ್ಲಿಫ್ ನಡುವಿನ ಮೇಲು-ಕೀಳು ಮೊದಲಿನಿಂದ ಇದ್ದದ್ದಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದ ಇಬ್ಬರು ಮಕ್ಕಳ ನಡುವೆ ಒಬ್ಬ ಮನುಷ್ಯ ಬೇಕೆಂದೇ ಅದನ್ನು ತಂದಿಟ್ಟ. ಹೇಗೆ ತಂದಿಟ್ಟ ಅನ್ನುವುದನ್ನೇ ಇವತ್ತು ನಿಮ್ಮ ಮುಂದೆ ಹೇಳಬೇಕು.

ಕಥೆ ನಡೆಯುವುದು ಇಂಗ್ಲೆಂಡಿನ ಉತ್ತರದ ಯಾರ್ಕ್‌ಷೈರಿನಲ್ಲಿ. ಮರವಿಲ್ಲದ ಗುಡ್ಡ, ಕುರುಚಲು ಗಿಡ, ಜೌಗು. ಆಷಾಢದಲ್ಲಿ ಮುಳ್ಳಯ್ಯನಗಿರಿಯ ನೆತ್ತಿ ಹತ್ತಿದವರಿಗೆ ಆ ಗಾಳಿಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಅಂಥ ಗುಡ್ಡದ ಮೇಲೆ ವುದರಿಂಗ್ ಹೈಟ್ಸ್ ಎಂಬ ಮನೆ. ಅರ್ನ್‌ಶಾ ಮನೆತನದ್ದು. ಸ್ವಂತ ಜಮೀನು, ಕುರಿ, ಆಳುಕಾಳು ಇರುವ ಹಳೇ ರೈತ ಕುಟುಂಬ. ನಾಲ್ಕು ಮೈಲಿ ಆಚೆ, ಕಣಿವೆಯಲ್ಲಿ, ಥ್ರಶ್‌ಕ್ರಾಸ್ ಗ್ರೇಂಜ್ ಎಂಬ ದೊಡ್ಡ ಬಂಗಲೆ. ಅಲ್ಲಿ ಲಿಂಟನ್ ಕುಟುಂಬ. ಅವರು ಅರ್ನ್‌ಶಾಗಳಿಗಿಂತ ಒಂದು ಮೆಟ್ಟಿಲು ಮೇಲೆ. ಇಡೀ ಕಥೆ ಈ ಎರಡು ಮನೆಗಳ ನಡುವೆ ಓಡಾಡುತ್ತದೆ. ಹೇಳುವವಳು ನೆಲ್ಲಿ ಡೀನ್, ಎರಡೂ ಮನೆಯಲ್ಲಿ ದುಡಿದ ಕೆಲಸದ ಹೆಂಗಸು.

1771ರ ಬೇಸಿಗೆ. ಸುಗ್ಗಿ ಆಗತಾನೇ ಶುರುವಾಗುತ್ತಿದೆ. ಯಜಮಾನ ಅರ್ನ್‌ಶಾ 60 ಮೈಲಿ ದೂರದ ಲಿವರ್‌ಪೂಲಿಗೆ ನಡೆದುಕೊಂಡೇ ಹೋಗುತ್ತಾನೆ. ಮಗ ಹಿಂಡ್ಲೆ ಪಿಟೀಲು ತರಲು ಹೇಳುತ್ತಾನೆ. ಮಗಳು ಕ್ಯಾಥರೀನ್‌ಗೆ ಇನ್ನೂ ಆರು ತುಂಬಿಲ್ಲ, ಅವಳಿಗೆ ಚಾಟಿ ಬೇಕು. ಮೂರು ದಿನ ಬಿಟ್ಟು ಅಪ್ಪ ರಾತ್ರಿ ಹೊತ್ತಲ್ಲಿ ವಾಪಸ್ ಬರುತ್ತಾನೆ. ಕೋಟಿನೊಳಗೆ ಸುತ್ತಿಕೊಂಡು ಒಂದು ಮಗುವನ್ನು ತಂದಿದ್ದಾನೆ. ಹರಕು ಬಟ್ಟೆ, ಕಪ್ಪು ಕೂದಲು, ಕೊಳೆ ಮೆತ್ತಿದ ಮೈ. ಬೀದಿಯಲ್ಲಿ ಹಸಿದುಕೊಂಡು ಅಲೆಯುತ್ತಿತ್ತು, ಯಾರದ್ದು ಅಂತ ವಿಚಾರಿಸಿದರೆ ಯಾರೂ ಹೇಳಲಿಲ್ಲ, ಬಿಟ್ಟು ಬರಲು ಮನಸ್ಸಾಗಲಿಲ್ಲ ಅನ್ನುತ್ತಾನೆ. ಪಿಟೀಲು ಪುಡಿಯಾಗಿದೆ. ಚಾಟಿ ದಾರಿಯಲ್ಲೆಲ್ಲೋ ಕಳೆದುಹೋಗಿದೆ. ಮಗು ಏನೋ ಮಾತಾಡುತ್ತದೆ, ಅದರ ಭಾಷೆ ಮನೆಯಲ್ಲಿ ಒಬ್ಬರಿಗೂ ಅರ್ಥವಾಗುವುದಿಲ್ಲ.

ಆ ಮಗು ಎಲ್ಲಿಯದು? ಎಮಿಲಿ ಕೊನೆಯವರೆಗೂ ಹೇಳುವುದಿಲ್ಲ. ಲಿವರ್‌ಪೂಲ್ ಆ ಕಾಲದಲ್ಲಿ ಗುಲಾಮರ ವ್ಯಾಪಾರದ ದೊಡ್ಡ ಬಂದರು. ದೇಶ ದೇಶದ ಹಡಗು ಬರುವ ಊರು. ಮುಂದೆ ಲಿಂಟನ್ ಮನೆಯ ಹಿರಿಯ ಇವನನ್ನು ನೋಡಿ, ಲಾಸ್ಕರ್ ಮಗುವೋ, ಅಮೆರಿಕದವನೋ, ಸ್ಪೇನಿನವನೋ ಅಂತ ಊಹೆ ಮಾಡುತ್ತಾನೆ. ಲಾಸ್ಕರ್ ಅಂದರೆ ನಮ್ಮ ಕಡೆಯ ಸಮುದ್ರ ತೀರಗಳಿಂದ ಬ್ರಿಟಿಷ್ ಹಡಗುಗಳಿಗೆ ದುಡಿಯಲು ಹೋದ ನಾವಿಕರು. ಹಾಗಾಗಿ ಹೀತ್‌ಕ್ಲಿಫ್ ನಮ್ಮ ಪೈಕಿಯವನೇ ಇರಬಹುದು ಎಂಬ ಸಣ್ಣ ಬಾಗಿಲೊಂದನ್ನು ಎಮಿಲಿ ತೆರೆದಿಟ್ಟಿದ್ದಾಳೆ.

ನಮ್ಮ ಜಿಲ್ಲೆಯ ತೋಟಗಳಲ್ಲಿ ಕೂಲಿಯವರು ಇರುವ ಲೈನ್ ಮನೆಗಳಲ್ಲಿ ಈಗ ಅಸ್ಸಾಂನಿಂದ ಬಂದ ಕುಟುಂಬಗಳೂ ಇವೆ. ಕಾಫಿ ಹಣ್ಣು ಕುಯ್ಯುವ ಹೊತ್ತಿಗೆ ಇಲ್ಲಿ ಕೇಳುವ ಭಾಷೆಗಳೇ ಬೇರೆ. ಆ ಮಕ್ಕಳು ಆಡುವ ಮಾತು ತೋಟದ ಲೆಕ್ಕ ಬರೆಯುವ ರೈಟರಿಗೂ ತಿಳಿಯುವುದಿಲ್ಲ, ಪಕ್ಕದ ಮನೆಯವರಿಗೂ ತಿಳಿಯುವುದಿಲ್ಲ. ಹೀತ್‌ಕ್ಲಿಫ್ ಬಂದ ಆ ರಾತ್ರಿಯ ಪುಟ ಓದುವಾಗ ನನಗೆ ಆ ಮಕ್ಕಳ ಮುಖ ನೆನಪಾಗುತ್ತದೆ.

ಮೊದಲ ರಾತ್ರಿ ಮಕ್ಕಳಿಬ್ಬರೂ ಅವನನ್ನು ಹತ್ತಿರ ಮಲಗಿಸಿಕೊಳ್ಳಲು ಒಪ್ಪುವುದಿಲ್ಲ. ಬೆಳಗಾಗುವುದರೊಳಗೆ ಹೋಗಿಬಿಡಲಿ ಅಂತ ನೆಲ್ಲಿಯೇ ಅವನನ್ನು ಮೆಟ್ಟಿಲ ಮೇಲೆ ಬಿಡುತ್ತಾಳೆ. ಆದರೆ ಕೆಲವೇ ದಿನದಲ್ಲಿ ಅವನೂ ಕ್ಯಾಥರೀನೂ ಬಿಟ್ಟಿರಲಾರದ ಗೆಳೆಯರಾಗುತ್ತಾರೆ. ಚಿಕ್ಕಂದಿನಲ್ಲೇ ತೀರಿಕೊಂಡ ಒಬ್ಬ ಮಗನ ಹೆಸರನ್ನು ಯಜಮಾನ ಇವನಿಗೆ ಇಡುತ್ತಾನೆ. ಹೀತ್‌ಕ್ಲಿಫ್. ಅವನ ಹೆಸರೂ ಅದೇ, ಮನೆತನದ ಹೆಸರೂ ಅದೇ. ಸುತ್ತಲಿನ ಮನೆಗಳ ಮಕ್ಕಳಿಗೆ ಪಾಠ ಹೇಳಿ, ತನ್ನ ತುಂಡು ಜಮೀನು ಉತ್ತು ಹೊಟ್ಟೆ ಹೊರೆಯುವ ಕಿರಿಯ ಪಾದ್ರಿಯೊಬ್ಬ ಅಲ್ಲಿದ್ದಾನೆ. ಹೀತ್‌ಕ್ಲಿಫ್ ಮತ್ತು ಕ್ಯಾಥರೀನ್ ಒಟ್ಟಿಗೆ ಅವನ ಬಳಿ ಕಲಿಯುತ್ತಾರೆ. ಒಂದೇ ಪಾಠ, ಒಂದೇ ಆಟ.

ಅಪ್ಪ ಸಾಯುತ್ತಾನೆ. ಕಾಲೇಜಿಗೆ ಹೋಗಿದ್ದ ಹಿಂಡ್ಲೆ ಹೆಂಡತಿಯ ಜೊತೆ ವಾಪಸ್ ಬಂದು ಯಜಮಾನನಾಗುತ್ತಾನೆ. ಅಪ್ಪನ ಪ್ರೀತಿಯನ್ನು ಈ ಬೀದಿ ಹುಡುಗ ಕಿತ್ತುಕೊಂಡ ಎಂಬ ಹೊಟ್ಟೆಕಿಚ್ಚು ಅವನಲ್ಲಿ ಆರಿಲ್ಲ. ಅವನು ಹೀತ್‌ಕ್ಲಿಫ್‌ನನ್ನು ಮನೆಯಿಂದ ಓಡಿಸುವುದಿಲ್ಲ, ಇದನ್ನು ಗಮನಿಸಿ. ಓಡಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಮಾಡುವುದು ಇಷ್ಟು: ಹೀತ್‌ಕ್ಲಿಫ್ ಇನ್ನು ಮೇಲೆ ಆಳುಗಳ ಜೊತೆ ಇರಬೇಕು. ಹೊಲದ ಕೆಲಸ ಮಾಡಬೇಕು. ಪಾದ್ರಿಯ ಪಾಠಕ್ಕೆ ಕೂರುವಂತಿಲ್ಲ. ಅಪ್ಪನ ಮಣ್ಣಾದ ಮೇಲೆ ಇಬ್ಬರನ್ನೂ ಬೇರೆ ಬೇರೆ ಮಲಗಿಸುತ್ತಾನೆ. ಆಗ ಕ್ಯಾಥರೀನ್‌ಗೆ 12 ವರ್ಷ. ಎಷ್ಟೋ ವರ್ಷದ ಮೇಲೆ, ಜ್ವರದ ಸನ್ನಿಯಲ್ಲಿ ಅವಳು ಕನವರಿಸುವುದು ಅದೇ ರಾತ್ರಿಯನ್ನು. ಜೀವನದಲ್ಲಿ ಮೊದಲ ಸಲ ಒಬ್ಬಳೇ ಮಲಗಿದ ರಾತ್ರಿ.

ಶುರುವಿನಲ್ಲಿ ಹೀತ್‌ಕ್ಲಿಫ್ ಸೋಲುವುದಿಲ್ಲ. ಕ್ಯಾಥರೀನ್ ತಾನು ಕಲಿತದ್ದನ್ನು ಅವನಿಗೆ ಹೇಳಿಕೊಡುತ್ತಾಳೆ. ಅವಳ ಸಮಕ್ಕೆ ಇರಬೇಕೆಂದು ಅವನು ಬಹಳ ದಿನ ಒದ್ದಾಡುತ್ತಾನೆ. ಆದರೆ ಬೆಳಗ್ಗೆ ಬೇಗ ಶುರುವಾಗಿ ರಾತ್ರಿ ತಡವಾಗಿ ಮುಗಿಯುವ ದುಡಿಮೆ. ಎಷ್ಟು ದಿನ ಆಗುತ್ತದೆ? ಒಂದು ದಿನ ಕೈಚೆಲ್ಲುತ್ತಾನೆ. ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ. ಒಳಗೇ ನುಂಗಿಕೊಳ್ಳುತ್ತಾನೆ. ಆಮೇಲೆ ನಡೆಯುವ ರೀತಿ ಬದಲಾಗುತ್ತದೆ, ನೋಟ ಬದಲಾಗುತ್ತದೆ, ಮಾತು ಕಡಿಮೆಯಾಗುತ್ತದೆ. ಆಳಿನ ಕೆಲಸ ಕೊಟ್ಟು, ಪಾಠ ಬಿಡಿಸಿ, ನಾಲ್ಕು ವರ್ಷ ಆದ ಮೇಲೆ ‘ನೋಡಿ, ಅವನು ಆಳಿನ ಹಾಗೇ ಇದ್ದಾನಲ್ಲ’ ಅನ್ನುವುದು ಎಷ್ಟು ಸುಲಭ ಅಲ್ವಾ?

ಈ ಭಾಗದಲ್ಲಿ ಒಂದು ಕ್ಯಾಲೆಂಡರ್ ಬರುತ್ತದೆ. ಅದನ್ನು ನಾನು ಎಷ್ಟು ಸಲ ಓದಿದರೂ ಗಂಟಲು ಕಟ್ಟುತ್ತದೆ. ಅಷ್ಟರಲ್ಲಿ ಕ್ಯಾಥರೀನ್‌ಗೆ ಗ್ರೇಂಜಿನ ಲಿಂಟನ್ ಮಕ್ಕಳ ಸ್ನೇಹವಾಗಿದೆ. ಆ ಮನೆಯ ಕಿಟಕಿಯಲ್ಲಿ ಇಣುಕಲು ಹೋಗಿ, ನಾಯಿ ಕಚ್ಚಿ, ಐದು ವಾರ ಅಲ್ಲೇ ಇದ್ದು, ಒಳ್ಳೆ ಬಟ್ಟೆ, ಒಳ್ಳೆ ನಡೆನುಡಿ ಕಲಿತು ಬಂದಿದ್ದಾಳೆ. ಅದೇ ರಾತ್ರಿ ಅದೇ ಮನೆಯವರು ಹೀತ್‌ಕ್ಲಿಫ್‌ನನ್ನು ಮಾತ್ರ ಕತ್ತಲಲ್ಲಿ ಹೊರಗಟ್ಟಿದ್ದರು. ಈಗ ಒಂದು ಮಧ್ಯಾಹ್ನ ಹಿಂಡ್ಲೆ ಮನೆಯಲ್ಲಿಲ್ಲ. ಹೀತ್‌ಕ್ಲಿಫ್ ಕೆಲಸ ಬಿಟ್ಟು ಕ್ಯಾಥರೀನ್ ಜೊತೆ ಇರಲು ಬರುತ್ತಾನೆ. ಅವಳು ಎಡ್ಗರ್ ಲಿಂಟನ್‌ಗಾಗಿ ರೇಷ್ಮೆ ಉಡುಪು ಹಾಕಿಕೊಂಡು ಕಾಯುತ್ತಿದ್ದಾಳೆ. ಹೀತ್‌ಕ್ಲಿಫ್ ಗೋಡೆಯ ಕ್ಯಾಲೆಂಡರ್ ತೋರಿಸುತ್ತಾನೆ. ಅವಳು ಲಿಂಟನ್‌ಗಳ ಜೊತೆ ಕಳೆದ ಸಂಜೆಗಳಿಗೆ ಅಡ್ಡಗೀಟಿನ ಗುರುತು. ತನ್ನ ಜೊತೆ ಕಳೆದವಕ್ಕೆ ಚುಕ್ಕೆ. ಪ್ರತಿದಿನ ಗುರುತು ಹಾಕಿದ್ದೇನೆ ನೋಡು ಅನ್ನುತ್ತಾನೆ. ಅವಳು ಸಿಡುಕುತ್ತಾಳೆ. ಯಾವಾಗಲೂ ನಿನ್ನ ಜೊತೆಯೇ ಕೂತಿರಬೇಕಾ, ನೀನು ಏನು ಮಾತಾಡ್ತೀಯ, ಮೂಗನ ಹಾಗೆ ಇರ್ತೀಯ ಅನ್ನುವ ಅರ್ಥದ ಮಾತು. ಅವನಿಗೆ ಮಾತು ಯಾಕೆ ಕಡಿಮೆಯಾಯಿತು ಅನ್ನುವುದು ಅವಳಿಗೆ ಗೊತ್ತಿರಬೇಕಿತ್ತು. ಅವಳ ಕಣ್ಣೆದುರೇ ನಡೆದದ್ದು ಅದು. ಅಕ್ಷರ ಕಳೆದುಕೊಂಡ ಹುಡುಗ ಉಳಿಸಿಕೊಂಡಿರುವ ಕೊನೆಯ ಬರಹ ಆ ಚುಕ್ಕೆ ಮತ್ತು ಗೀಟು.

ಎಮಿಲಿಗೆ ಇದು ಹೇಗೆ ಇಷ್ಟು ಚೆನ್ನಾಗಿ ಗೊತ್ತಿತ್ತು? ಅವರ ಮನೆಯ ಕಥೆಯನ್ನು ಸ್ವಲ್ಪ ಹೇಳಲೇಬೇಕು. ಅಪ್ಪ ಪ್ಯಾಟ್ರಿಕ್ ಬ್ರಾಂಟೆ 1777ರಲ್ಲಿ ಐರ್ಲೆಂಡಿನಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದವರು. ಹತ್ತು ಮಕ್ಕಳಲ್ಲಿ ಮೊದಲನೆಯವರು. ಹದಿಹರೆಯದಲ್ಲೇ ಓದಿ ಶಾಲಾ ಮೇಷ್ಟ್ರಾದರು. 1802ರಲ್ಲಿ ಕೇಂಬ್ರಿಡ್ಜ್ ಸೇರಿದರು. ಪಾದ್ರಿಯಾಗಿ 1820ರಲ್ಲಿ ಹೋವರ್ತ್ ಎಂಬ ಗುಡ್ಡದ ಊರಿಗೆ ಬಂದರು. ಗುಡಿಸಲಿನಿಂದ ಕೇಂಬ್ರಿಡ್ಜಿಗೆ ಅವರನ್ನು ಕರೆದೊಯ್ದದ್ದು ಅಕ್ಷರ ಒಂದೇ. ಆ ಮನೆಯಲ್ಲಿ ಬೆಳೆದ ಹುಡುಗಿಗೆ ಓದು ಸಿಕ್ಕರೆ ಏನಾಗುತ್ತದೆ, ಸಿಗದಿದ್ದರೆ ಏನಾಗುತ್ತದೆ ಅನ್ನುವುದು ಪುಸ್ತಕ ನೋಡಿ ತಿಳಿಯಬೇಕಾದ ವಿಷಯ ಆಗಿರಲಿಲ್ಲ.

ಇನ್ನೊಂದು ವಿಷಯ, ಎಮಿಲಿ ಅಡುಗೆಮನೆಯ ಹುಡುಗಿ. ಮನೆಯ ಬ್ರೆಡ್ಡಿನ ಹಿಟ್ಟು ಅವಳೇ ನಾದುತ್ತಿದ್ದಳಂತೆ, ಎದುರಿಗೆ ಜರ್ಮನ್ ಪುಸ್ತಕ ತೆರೆದಿಟ್ಟುಕೊಂಡು. ಟ್ಯಾಬಿ ಎಂಬ ವಯಸ್ಸಾದ ಕೆಲಸದ ಹೆಂಗಸು ಆ ಒಲೆಯ ಮುಂದೆ ಮಕ್ಕಳಿಗೆ ಊರಿನ ಹಳೇ ಕಥೆ ಹೇಳುತ್ತಿದ್ದರು. ಟ್ಯಾಬಿ ಜಾರಿ ಬಿದ್ದು ಕಾಲು ಮುರಿದುಕೊಂಡಾಗ, ಇವರನ್ನು ಕಳಿಸಿಬಿಡೋಣ ಅಂತ ಹಿರಿಯರು ತೀರ್ಮಾನಿಸಿದರು. ಹುಡುಗಿಯರು ಊಟ ಬಿಟ್ಟು ಕೂತರು. ಟ್ಯಾಬಿ ಅಲ್ಲೇ ಉಳಿದರು. ಈ ಕಾದಂಬರಿಯ ಅತಿ ದೊಡ್ಡ ದೃಶ್ಯ ನಡೆಯುವುದು ಅಡುಗೆಮನೆಯಲ್ಲಿ. ಅದನ್ನು ಹೇಳುವವಳು ಕೆಲಸದ ಹೆಂಗಸು. ಈಗ ಆ ದೃಶ್ಯಕ್ಕೆ ಬರುತ್ತೇನೆ.

ಒಂಬತ್ತನೇ ಅಧ್ಯಾಯ. ಹಿಂಡ್ಲೆಯ ಹೆಂಡತಿ ತೀರಿಕೊಂಡಿದ್ದಾಳೆ. ಅವನು ಕುಡಿತಕ್ಕೆ ಬಿದ್ದಿದ್ದಾನೆ. ಅವನ ಮಗ ಹೇರ್ಟನ್ ಇನ್ನೂ ಪುಟ್ಟ ಕೂಸು. ಆ ಸಂಜೆ ಕುಡಿದ ಅಮಲಿನಲ್ಲಿ ಅಪ್ಪ ಮಗುವನ್ನು ಮಹಡಿಯ ಕಟಕಟೆಯಾಚೆ ಎತ್ತಿ ಹಿಡಿಯುತ್ತಾನೆ. ಮಗು ಕೈಜಾರುತ್ತದೆ. ಕೆಳಗೆ ಬರುತ್ತಿದ್ದ ಹೀತ್‌ಕ್ಲಿಫ್ ಯೋಚನೆಗೆ ಸಮಯವೇ ಇಲ್ಲದೆ ಕೈ ಚಾಚಿ ಹಿಡಿದುಬಿಡುತ್ತಾನೆ. ತನ್ನ ಶತ್ರುವಿನ ಮಗನನ್ನು ತಾನೇ ಉಳಿಸಿದೆ ಅಂತ ಗೊತ್ತಾದಾಗ ಅವನ ಮುಖದಲ್ಲಿ ಸಂಕಟ ಕಾಣುತ್ತದೆ. ಈ ಹೇರ್ಟನ್‌ನನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ನೆಲ್ಲಿ ಅಡುಗೆಮನೆಯಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಲಾಲಿ ಹಾಡುತ್ತಿದ್ದಾಳೆ. ಎತ್ತರದ ಬೆನ್ನಿನ ಒಂದು ಮರದ ಆಸನ ಅಲ್ಲಿದೆ. ಅದರ ಆಚೆ, ಗೋಡೆಗೆ ತಾಗಿದ ಬೆಂಚಿನ ಮೇಲೆ ಹೀತ್‌ಕ್ಲಿಫ್ ಮಲಗಿದ್ದಾನೆ. ಅವನು ಕೊಟ್ಟಿಗೆ ಕಡೆ ಹೋದ ಅಂತಲೇ ನೆಲ್ಲಿ ತಿಳಿದಿದ್ದಾಳೆ. ಕ್ಯಾಥರೀನ್ ಬರುತ್ತಾಳೆ. ಒಬ್ಬಳೇ ಇದ್ದೀಯಾ ಅಂತ ಕೇಳಿ ನೆಲ್ಲಿಯ ಕಾಲ ಬಳಿ ಕೂರುತ್ತಾಳೆ. ಎಡ್ಗರ್ ಮದುವೆ ಕೇಳಿದ, ಒಪ್ಪಿಬಿಟ್ಟೆ, ಸರಿಯಾ ತಪ್ಪಾ ಹೇಳು ಅನ್ನುತ್ತಾಳೆ. ಆಗ ಅವಳಿಗೆ 15 ವರ್ಷ.

ನೆಲ್ಲಿ ಯಾಕೆ ಅವನನ್ನು ಪ್ರೀತಿಸುತ್ತೀಯ ಅಂತ ಒಂದೊಂದಾಗಿ ಕೇಳುತ್ತಾಳೆ. ಚೆನ್ನಾಗಿದ್ದಾನೆ, ಶ್ರೀಮಂತನಾಗುತ್ತಾನೆ, ಈ ಸುತ್ತಿಗೆಲ್ಲ ದೊಡ್ಡ ಮನೆಯ ಹೆಂಗಸು ನಾನೇ ಆಗುತ್ತೇನೆ. ಉತ್ತರಗಳು ಸರಾಗ ಬರುತ್ತವೆ. ಆದರೆ ಎದೆ ಒಪ್ಪುತ್ತಿಲ್ಲ. ಆಮೇಲೆ ತಾನು ಕಂಡ ಕನಸು ಹೇಳುತ್ತಾಳೆ. ಸ್ವರ್ಗಕ್ಕೆ ಹೋಗಿದ್ದೆ, ಅಲ್ಲಿ ಇರಲಾರದೆ ಅತ್ತೆ, ದೇವದೂತರು ಸಿಟ್ಟಾಗಿ ನನ್ನನ್ನು ಗುಡ್ಡದ ಮೇಲೆ ಎಸೆದುಬಿಟ್ಟರು, ಖುಷಿಯಿಂದ ಅಳುತ್ತಾ ಎಚ್ಚರವಾಯಿತು ಅಂತ. ಅದರ ಬೆನ್ನಿಗೇ ಆ ಮಾತು ಬರುತ್ತದೆ. ಒಳಗಿರುವ ಆ ಕೆಟ್ಟ ಮನುಷ್ಯ ಹೀತ್‌ಕ್ಲಿಫ್‌ನನ್ನು ಇಷ್ಟು ಕೀಳಾಗಿಸದೇ ಇದ್ದಿದ್ದರೆ, ಎಡ್ಗರ್‌ನನ್ನು ಮದುವೆಯಾಗುವ ಯೋಚನೆಯೇ ನನಗೆ ಬರುತ್ತಿರಲಿಲ್ಲ. ಈಗ ಹೀತ್‌ಕ್ಲಿಫ್‌ನನ್ನು ಮದುವೆಯಾದರೆ ನನ್ನ ಮಾನ ಹೋಗುತ್ತದೆ.

ಬೆಂಚಿನಲ್ಲಿದ್ದವನು ಇಷ್ಟನ್ನು ಕೇಳಿ ಸದ್ದಿಲ್ಲದೆ ಎದ್ದು ಹೋಗುತ್ತಾನೆ. ಅದೇ ಉಸಿರಿನಲ್ಲಿ ಕ್ಯಾಥರೀನ್ ಹೇಳುವ ಮುಂದಿನ ಮಾತು ಅವನಿಗೆ ಸಿಗುವುದೇ ಇಲ್ಲ. ನಾನು ಅವನನ್ನು ಎಷ್ಟು ಪ್ರೀತಿಸುತ್ತೇನೆ ಅಂತ ಅವನಿಗೆ ಗೊತ್ತಾಗುವುದೇ ಇಲ್ಲ, ನಮ್ಮಿಬ್ಬರ ಜೀವ ಒಂದೇ, ನಾನೇ ಹೀತ್‌ಕ್ಲಿಫ್ ಎಂಬ ಮಾತು. ಜಗತ್ತಿನ ಕಾದಂಬರಿಗಳಲ್ಲೇ ಪ್ರಸಿದ್ಧವಾದ ಪ್ರೀತಿಯ ಮಾತು ಇದು. ಯಾರಿಗೆ ಕೇಳಿಸಬೇಕಿತ್ತೋ ಅವನು ಆಗಲೇ ಬಾಗಿಲು ದಾಟಿದ್ದಾನೆ.

ಜನ ‘ಅರ್ಧ ಕೇಳಿ ಹೋದನಲ್ಲಾ, ಪೂರ್ತಿ ಕೇಳಿದ್ದರೆ!’ ಅಂತ ಮರುಗುತ್ತಾರೆ. ನನಗೂ ಮರುಕ ಇದೆ. ಆದರೆ ಪೂರ್ತಿ ಕೇಳಿದ್ದರೂ ಏನಾಗುತ್ತಿತ್ತು? ಅವಳು ಎಡ್ಗರ್‌ನನ್ನೇ ಮದುವೆಯಾಗುತ್ತಿದ್ದಳು. ಅವಳ ಲೆಕ್ಕಾಚಾರ ಅಲ್ಲೇ ಇದೆ. ನಾವಿಬ್ಬರೂ ಮದುವೆಯಾದರೆ ಭಿಕ್ಷೆ ಬೇಡಬೇಕು. ಎಡ್ಗರ್‌ನನ್ನು ಮದುವೆಯಾದರೆ ಅವನ ದುಡ್ಡಿನಲ್ಲಿ ಹೀತ್‌ಕ್ಲಿಫ್‌ನನ್ನು ಅಣ್ಣನ ಕೈಯಿಂದ ಬಿಡಿಸಬಹುದು. ಗಂಡನ ದುಡ್ಡಿನಲ್ಲಾ, ಅವನು ನೀನು ಅಂದುಕೊಂಡಷ್ಟು ಮೆತ್ತಗಿಲ್ಲ ಅಂತ ನೆಲ್ಲಿ ಆಗಲೇ ಹೇಳುತ್ತಾಳೆ. ನೆಲ್ಲಿಗೆ ಲೋಕ ಗೊತ್ತು. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸಿನ ದುಡ್ಡು ಆಸ್ತಿ ಅವಳದ್ದೇ ಎಂದು ಹೇಳುವ ಕಾನೂನುಗಳು ಬಂದದ್ದು 1870 ಮತ್ತು 1882ರಲ್ಲಿ. ಈ ಅಡುಗೆಮನೆಯ ಸಂಜೆ 1780ರದ್ದು. ಅಣ್ಣನ ಮನೆಯಲ್ಲಿ ಅವಳದ್ದೆಂದು ಬಿಡಿಗಾಸಿಲ್ಲ. ಗಂಡನ ಮನೆಯಲ್ಲೂ ಇರುವುದಿಲ್ಲ. 15 ವರ್ಷದ ಹುಡುಗಿ ಪ್ರೀತಿಸಿದವನನ್ನು ಉಳಿಸಿಕೊಳ್ಳಲು ಹುಡುಕಿದ ದಾರಿ ಅದೊಂದೇ, ಆ ದಾರಿಯೂ ಮುಚ್ಚಿತ್ತು. ಅವಳನ್ನು ದುರಾಸೆಯವಳು ಅಂತ ಬೈಯುವವರು ಈ ಲೆಕ್ಕ ನೋಡುವುದಿಲ್ಲ.

ಮೂರು ವರ್ಷದ ಮೇಲೆ ಹೀತ್‌ಕ್ಲಿಫ್ ವಾಪಸ್ ಬರುತ್ತಾನೆ. ಎತ್ತರದ ಆಳು, ನೇರ ನಿಲುವು, ಕೈಯಲ್ಲಿ ದುಡ್ಡು. ಎಲ್ಲಿಂದ ಸಂಪಾದಿಸಿದ ಅಂತ ಕಾದಂಬರಿ ಹೇಳುವುದಿಲ್ಲ. ಕ್ಯಾಥರೀನ್ ಈಗ ಎಡ್ಗರ್‌ನ ಹೆಂಡತಿ. ಗ್ರೇಂಜಿನ ದೊಡ್ಡ ಕೋಣೆಯಲ್ಲಿ ಚಹಾ ಹೊತ್ತು. ಹೀತ್‌ಕ್ಲಿಫ್ ಬಂದಿದ್ದಾನೆ ಅಂದಾಗ ಎಡ್ಗರ್, ಅವನಿಗೆ ಅಡುಗೆಮನೆಯೇ ಸರಿಯಾದ ಜಾಗ ಅನ್ನುತ್ತಾನೆ. ಇಲ್ಲಿ ನಮ್ಮವರಿಗೆ ಸ್ವಲ್ಪ ಗೊಂದಲ ಆಗಬಹುದು. ನಮ್ಮ ಮಲೆನಾಡಿನ ಹಳೇ ಮನೆಗಳಲ್ಲಿ ಅಡುಗೆಮನೆ ಎಲ್ಲಕ್ಕಿಂತ ಒಳಗಿನ ಜಾಗ. ಕೀಳು ಅಂದುಕೊಂಡವರನ್ನು ಜಗಲಿಗೂ ಹತ್ತಿಸದೆ ಅಂಗಳದಲ್ಲೇ ನಿಲ್ಲಿಸುತ್ತಿದ್ದರು. ಅಲ್ಲಿ ಅದು ತಿರುಗುಮುರುಗು. ಅಡುಗೆಮನೆ ಆಳುಗಳ ಜಾಗ, ಮುಂದಿನ ಕೋಣೆ ಒಡೆಯರದ್ದು. ಕ್ಯಾಥರೀನ್ ಎಡ್ಗರ್‌ಗೆ ಕೊಡುವ ಉತ್ತರ ನನಗೆ ತುಂಬಾ ಇಷ್ಟ. ಹಾಗಾದರೆ ಇಲ್ಲೇ ಎರಡು ಮೇಜು ಹಾಕು ನೆಲ್ಲಿ, ಒಂದು ನಿನ್ನ ಯಜಮಾನರಿಗೆ ಮತ್ತು ಅವರ ತಂಗಿಗೆ, ಅವರು ದೊಡ್ಡವರು. ಇನ್ನೊಂದು ನನಗೆ ಮತ್ತು ಹೀತ್‌ಕ್ಲಿಫ್‌ಗೆ, ನಾವು ಕೆಳಗಿನವರು. ಅವಳಿಗೆ ಈ ಧೈರ್ಯ ಬರುವ ಹೊತ್ತಿಗೆ ಕಾಲ ಮೀರಿತ್ತು. 1784ರ ಮಾರ್ಚಿನಲ್ಲಿ, ಮಗಳನ್ನು ಹೆತ್ತು ಎರಡು ಗಂಟೆಯಲ್ಲಿ ಅವಳು ಸಾಯುತ್ತಾಳೆ. 18 ವರ್ಷ.

ಮುಂದೆ ಹೀತ್‌ಕ್ಲಿಫ್ ಸೇಡು ತೀರಿಸಿಕೊಳ್ಳುತ್ತಾನೆ. ಜೂಜಿನ ಸಾಲದಲ್ಲಿ ಹಿಂಡ್ಲೆಯ ಮನೆ ಜಮೀನು ಅಡಮಾನಕ್ಕೆ ಹಿಡಿಯುತ್ತಾನೆ, ಎಡ್ಗರ್‌ನ ತಂಗಿಯನ್ನು ಮದುವೆಯಾಗಿ ಹಾಳುಮಾಡುತ್ತಾನೆ, ಕೊನೆಗೆ ಗ್ರೇಂಜನ್ನೂ ನುಂಗುತ್ತಾನೆ. ಆ ಆಸ್ತಿ ವ್ಯವಹಾರದ ವಿವರಕ್ಕೆ ನಾನು ಹೋಗುವುದಿಲ್ಲ. ಸಿ. ಪಿ. ಸ್ಯಾಂಗರ್ ಎಂಬ ವಕೀಲರು 1926ರಲ್ಲಿ ಕಾದಂಬರಿಯ ಇಸವಿಗಳನ್ನೂ ಆಸ್ತಿ ಕಾನೂನನ್ನೂ ಕೂಲಂಕಷವಾಗಿ ನೋಡಿ, ಎಮಿಲಿಗೆ ಅದೆಲ್ಲ ಎಷ್ಟು ಖಚಿತವಾಗಿ ತಿಳಿದಿತ್ತು ಅಂತ ತೋರಿಸಿದ್ದಾರೆ.

ನನ್ನ ಗಮನ ಹೇರ್ಟನ್ ಮೇಲೆ. ಕಟಕಟೆಯಿಂದ ಬಿದ್ದು ಹೀತ್‌ಕ್ಲಿಫ್‌ನ ಕೈಗೆ ಸಿಕ್ಕ ಮಗು. ಅವನಿಗೆ ಸುಮಾರು ಐದು ವರ್ಷ ಇದ್ದಾಗ ನೆಲ್ಲಿ ಅಕ್ಷರ ಹೇಳಿಕೊಡಲು ಶುರು ಮಾಡಿದ್ದಳು. ಅಷ್ಟರಲ್ಲಿ ಅವಳು ಕ್ಯಾಥರೀನ್ ಜೊತೆ ಗ್ರೇಂಜಿಗೆ ಹೋಗಬೇಕಾಯಿತು. ಸ್ವಲ್ಪ ದಿನ ಬಿಟ್ಟು ನೋಡಲು ಬಂದರೆ ಮಗುವಿನ ಬಾಯಲ್ಲಿ ಬೈಗುಳ. ಪಾದ್ರಿ ಪಾಠ ಹೇಳುವುದಿಲ್ಲವಾ ಅಂದರೆ, ಅವನು ಹೊಸ್ತಿಲು ದಾಟಿದರೆ ಹಲ್ಲು ಉದುರಿಸುತ್ತೇನೆ ಅಂತ ಹೀತ್‌ಕ್ಲಿಫ್ ಹೇಳಿದ್ದಾನೆ ಅನ್ನುತ್ತದೆ. ತನಗೆ ಹಿಂಡ್ಲೆ ಮಾಡಿದ್ದನ್ನು ಹೀತ್‌ಕ್ಲಿಫ್ ಅವನ ಮಗನಿಗೆ ಹಾಗೇ ಮಾಡುತ್ತಾನೆ. ಹಿಂಡ್ಲೆಯ ಮಣ್ಣಿನ ದಿನ ಮಗುವನ್ನು ಮೇಜಿನ ಮೇಲೆ ನಿಲ್ಲಿಸಿ, ಅದೇ ಗಾಳಿ ಬೀಸಿದರೆ ಈ ಮರವೂ ಅದೇ ಥರ ಸೊಟ್ಟಗೆ ಬೆಳೆಯುತ್ತದೋ ಇಲ್ಲವೋ ನೋಡೋಣ ಅನ್ನುತ್ತಾನೆ. ಆ ಮನೆಯ ನಿಜವಾದ ವಾರಸುದಾರ ಅದೇ ಮನೆಯಲ್ಲಿ ಸಂಬಳವಿಲ್ಲದ ಆಳಾಗಿ ಬೆಳೆಯುತ್ತಾನೆ.

ಇದು ದಡ್ಡ ಹುಡುಗನಿಗೆ ಆದ ಅನ್ಯಾಯ ಅಲ್ಲ. ಅದನ್ನು ಹೀತ್‌ಕ್ಲಿಫ್‌ನೇ ಹೇಳುತ್ತಾನೆ. ಇವನು ಹುಟ್ಟು ದಡ್ಡನಾಗಿದ್ದರೆ ನನಗೆ ಇಷ್ಟು ಖುಷಿ ಸಿಗುತ್ತಿರಲಿಲ್ಲ, ಇವನು ದಡ್ಡನಲ್ಲ, ಇವನಿಗೆ ಆಗುತ್ತಿರುವುದೆಲ್ಲ ನನಗೆ ಗೊತ್ತು, ನಾನೇ ಅದನ್ನು ಅನುಭವಿಸಿದ್ದೇನೆ ಎಂಬ ಅರ್ಥದ ಮಾತು. ಇಡೀ ಪುಸ್ತಕದಲ್ಲಿ ನನಗೆ ಭಯ ಹುಟ್ಟಿಸುವುದು ದೆವ್ವದ ಪುಟಗಳಲ್ಲ, ಈ ಪುಟ.

ಕ್ಯಾಥರೀನ್‌ಳ ಮಗಳ ಹೆಸರೂ ಕ್ಯಾಥರೀನ್. ನಾವು ಕ್ಯಾಥಿ ಅನ್ನೋಣ. ಹಿಂಡ್ಲೆ ಮತ್ತು ಕ್ಯಾಥರೀನ್ ಅಣ್ಣ ತಂಗಿ, ಹಾಗಾಗಿ ಹೇರ್ಟನ್‌ಗೆ ಕ್ಯಾಥಿ ಸೋದರತ್ತೆಯ ಮಗಳು. ಈ ಪುಸ್ತಕದ ನೆಂಟಸ್ತನ ಇಂಗ್ಲಿಷಿಗಿಂತ ನಮ್ಮ ಬಾಯಲ್ಲಿ ಬೇಗ ಬಿಡಿಸಿಕೊಳ್ಳುತ್ತದೆ. ಕ್ಯಾಥಿ ಗ್ರೇಂಜಿನಲ್ಲಿ ಪುಸ್ತಕಗಳ ನಡುವೆ ಬೆಳೆದವಳು. ಹೇರ್ಟನ್‌ನನ್ನು ಮೊದಲು ನೋಡಿದಾಗ ಕೆಲಸದವನು ಅಂದುಕೊಳ್ಳುತ್ತಾಳೆ. ಇವನು ನಿನ್ನ ಬಂಧು ಅಂದರೆ ಅಳುತ್ತಾಳೆ.

ವುದರಿಂಗ್ ಹೈಟ್ಸ್ ಮನೆಯ ಮುಂಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ ಅಕ್ಷರಗಳಿವೆ: 1500, ಹೇರ್ಟನ್ ಅರ್ನ್‌ಶಾ. ಮನೆತನದ ಪೂರ್ವಿಕನ ಹೆಸರು, ಇವನ ಹೆಸರೂ ಅದೇ. ದಿನಾ ಅದರ ಕೆಳಗೆ ಓಡಾಡುವ ಹುಡುಗನಿಗೆ ಅದು ಓದಲು ಬರುವುದಿಲ್ಲ. ಏನು ಬರೆದಿದೆ ಅಂತ ಕೇಳಿದರೆ, ಏನೋ ಹಾಳು ಬರಹ ಅನ್ನುತ್ತಾನೆ. ಕ್ಯಾಥಿ ನಗುತ್ತಾಳೆ. ಆದರೆ ಹುಡುಗ ಸುಮ್ಮನೆ ಕೂರುವುದಿಲ್ಲ. ಯಾರಿಗೂ ಹೇಳದೆ ಕಲಿಯುತ್ತಾನೆ. ಇನ್ನೊಂದು ದಿನ ಅವಳು ಬಂದಾಗ ಎದುರಿಗೆ ಹೋಗಿ, ಈಗ ನಾನು ಅದನ್ನು ಓದಬಲ್ಲೆ ಅನ್ನುತ್ತಾನೆ. ಅಕ್ಷರ ಅಕ್ಷರ ಎಳೆದು ತನ್ನ ಹೆಸರು ಓದುತ್ತಾನೆ. ಆ ಅಂಕಿ? ಅವಳು ಕೇಳುತ್ತಾಳೆ. ಅದು ಇನ್ನೂ ಬರಲ್ಲ. ಅವಳು ಜೋರಾಗಿ ನಗುತ್ತಾಳೆ.

ಈ ಸಂಗತಿ ಕೇಳಿದಾಗ ನೆಲ್ಲಿ ಕ್ಯಾಥಿಯನ್ನು ಗದರುತ್ತಾಳೆ. ನೀನು ಅವನ ಥರ ಬೆಳೆದಿದ್ದರೆ ಇದಕ್ಕಿಂತ ಚೆನ್ನಾಗಿ ಇರುತ್ತಿದ್ದೆಯಾ, ಅವನು ಚಿಕ್ಕವನಿದ್ದಾಗ ನಿನ್ನಷ್ಟೇ ಚುರುಕಿದ್ದ ಅಂತ. ಆದರೂ ಕ್ಯಾಥಿ ಬದಲಾಗಲು ಸಮಯ ಹಿಡಿಯುತ್ತದೆ. ಅವನು ತಡವರಿಸಿ ಲಾವಣಿಯೊಂದನ್ನು ಓದುವುದನ್ನು ಬೇರೆಯವರ ಮುಂದೆ ಅಣಕಿಸುತ್ತಾಳೆ. ಅವನು ಎದ್ದು ಹೋಗಿ, ತಾನು ಕೂಡಿಟ್ಟುಕೊಂಡ ಪುಸ್ತಕಗಳನ್ನು ತಂದು ಅವಳ ಮಡಿಲಿಗೆ ಎಸೆಯುತ್ತಾನೆ. ಆಮೇಲೆ ಎಲ್ಲವನ್ನೂ ಬೆಂಕಿಗೆ ಹಾಕುತ್ತಾನೆ. ಹೀತ್‌ಕ್ಲಿಫ್ ಕೈಚೆಲ್ಲಿ ಕೂತ ಜಾಗಕ್ಕೇ ಈ ಹುಡುಗನೂ ಬಂದು ನಿಂತಿದ್ದಾನೆ.

ಇಲ್ಲಿಂದ ಕಥೆ ಬೇರೆ ದಾರಿ ಹಿಡಿಯುತ್ತದೆ. ಕ್ಯಾಥಿಗೆ ತಾನು ಮಾಡಿದ್ದು ಚುಚ್ಚತೊಡಗುತ್ತದೆ. ಒಂದು ಚಂದದ ಪುಸ್ತಕವನ್ನು ಬಿಳಿ ಕಾಗದದಲ್ಲಿ ಸುತ್ತುತ್ತಾಳೆ. ರಿಬ್ಬನ್ ಕಟ್ಟುತ್ತಾಳೆ. ಮೇಲೆ ‘ಶ್ರೀ ಹೇರ್ಟನ್ ಅರ್ನ್‌ಶಾ’ ಅಂತ ಬರೆಯುತ್ತಾಳೆ. ಬಾಗಿಲ ಮೇಲಿನ ಅದೇ ಹೆಸರು. ತಗೊಂಡರೆ ನಾನೇ ಸರಿಯಾಗಿ ಓದಲು ಕಲಿಸುತ್ತೇನೆ, ಬೇಡ ಅಂದರೆ ಇನ್ನು ಯಾವತ್ತೂ ಅವನನ್ನು ಕೆಣಕುವುದಿಲ್ಲ ಅಂತ ಹೇಳಿ ಕಳಿಸುತ್ತಾಳೆ. ಅವನು ಕೈ ಚಾಚುವುದಿಲ್ಲ. ನೆಲ್ಲಿ ಪುಸ್ತಕವನ್ನು ಅವನ ಮಂಡಿಯ ಮೇಲೆ ಇಡುತ್ತಾಳೆ. ಅವನು ಅದನ್ನು ತಳ್ಳುವುದಿಲ್ಲ. 1802ರ ಸೆಪ್ಟೆಂಬರಿನಲ್ಲಿ ಹೊರಗಿನವನೊಬ್ಬ ಆ ಮನೆಗೆ ಬಂದಾಗ ಕಿಟಕಿಯಿಂದ ಕೇಳಿಸುವುದು ಒಂದು ಶಬ್ದವನ್ನು ತಪ್ಪಾಗಿ ಓದುವ ಗಂಡಸಿನ ದನಿ, ತಿದ್ದುವ ಹೆಂಗಸಿನ ದನಿ. ಬರುವ ಹೊಸ ವರ್ಷದ ದಿನ ಅವರ ಮದುವೆ.

ಮೊದಲ ಜೋಡಿಗೂ ಎರಡನೇ ಜೋಡಿಗೂ ಪ್ರೀತಿಯಲ್ಲಿ ಅಂತರ ಇದ್ದರೆ, ಅದು ಮೊದಲ ಜೋಡಿಯ ಕಡೆಗೇ ವಾಲುತ್ತದೆ. ಅಷ್ಟು ಆಳದ ಪ್ರೀತಿ ಕ್ಯಾಥಿ-ಹೇರ್ಟನ್‌ದಲ್ಲ. ಆದರೆ ಇವರು ಬದುಕಿದರು, ಅವರು ಸತ್ತರು. ಕ್ಯಾಥರೀನ್ ಅರ್ಧಕ್ಕೆ ಬಿಟ್ಟ ಪಾಠವನ್ನು ಅವಳ ಮಗಳು ಪೂರ್ತಿ ಹೇಳಿಕೊಟ್ಟಳು. ಎಮಿಲಿ 18 ಅಧ್ಯಾಯ ಜಾಸ್ತಿ ಬರೆದದ್ದು ಇದಕ್ಕಾಗಿ ಎಂದು ನಾನು ನಂಬಿದ್ದೇನೆ.

ನಮ್ಮ ಊರಿಗೆ ಇದನ್ನು ತಂದಿಡುವಾಗ ಒಂದು ಎಚ್ಚರ ಬೇಕು. ಹೀತ್‌ಕ್ಲಿಫ್ ದುಡ್ಡು ಮಾಡಿ ಮೂರೇ ವರ್ಷದಲ್ಲಿ ವಾಪಸ್ ಬಂದು ಆ ಮನೆಗೇ ಒಡೆಯನಾಗಬಲ್ಲ. ನಮ್ಮಲ್ಲಿ ಜಾತಿ ಇದೆ. ಅದು ಹುಟ್ಟುವ ಮೊದಲೇ ಬರೆದಿಟ್ಟದ್ದು, ದುಡ್ಡು ಬಂದರೂ ಬಿಡುವುದಿಲ್ಲ. ಈ ಎರಡೂ ಒಂದೇ ಅನ್ನುವುದು ತಪ್ಪು. ಆದರೆ ಅಕ್ಷರದಿಂದ ದೂರ ಇಟ್ಟು, ಆಮೇಲೆ ಅಕ್ಷರ ಇಲ್ಲದ್ದನ್ನೇ ತೋರಿಸಿ ಕೀಳು ಅನ್ನುವ ಉಪಾಯ ನಮಗೆ ಹೊಸದಲ್ಲ. ತೋಟದ ಸಾಹುಕಾರರ ಮಗ, ಲೈನಿನ ಹುಡುಗಿ ಒಟ್ಟಿಗೆ ಹಳ್ಳದಲ್ಲಿ ಏಡಿ ಹಿಡಿದು ಬೆಳೆಯುತ್ತಾರೆ. ಹತ್ತು ವರ್ಷಕ್ಕೆ ಒಬ್ಬ ಹಾಸ್ಟೆಲಿಗೆ ಹೋಗುತ್ತಾನೆ. ಕುಯ್ಲಿನ ಕಾಲ ಬಂದಾಗ ಇನ್ನೊಬ್ಬಳು ಶಾಲೆ ಬಿಟ್ಟು ಅಮ್ಮನ ಜೊತೆ ಹಣ್ಣು ಕುಯ್ಯಲು ಹೋಗುತ್ತಾಳೆ. ಮುಂದಿನ ಬೇಸಿಗೆ ರಜೆಗೆ ಅವನು ಬಂದಾಗ ಇಬ್ಬರಿಗೂ ಮಾತಾಡಲು ಏನೂ ಇರುವುದಿಲ್ಲ. ಇದನ್ನು ನೋಡದವರು ಈ ಕೋಣೆಯಲ್ಲಿ ಯಾರಿದ್ದೀರಿ?

ಎಮಿಲಿಯ ಬಗ್ಗೆ ಇನ್ನೆರಡು ಮಾತು. ಪುಸ್ತಕ ಬಂದದ್ದು 1847ರ ಡಿಸೆಂಬರಿನಲ್ಲಿ, ಎಲ್ಲಿಸ್ ಬೆಲ್ ಎಂಬ ಗಂಡಸಿನಂಥ ಹೆಸರಿನಲ್ಲಿ. ಅಚ್ಚು ಹಾಕಿಸಲು ಅಕ್ಕತಂಗಿಯರು ತಾವೇ 50 ಪೌಂಡ್ ಕೊಡಬೇಕಾಯಿತು. ಹಿಂದಿನ ವರ್ಷ ಮೂವರೂ ಸೇರಿ ತಂದ ಕವನ ಸಂಕಲನ ಎರಡೇ ಎರಡು ಪ್ರತಿ ಮಾರಾಟವಾಗಿತ್ತು. ಕಾದಂಬರಿ ಬಂದ ಒಂದು ವರ್ಷಕ್ಕೆ, 1848ರ ಡಿಸೆಂಬರ್ 19ರಂದು, 30ನೇ ವಯಸ್ಸಿನಲ್ಲಿ ಎಮಿಲಿ ಕ್ಷಯದಿಂದ ತೀರಿಕೊಂಡಳು. ಅವಳ ಬರೆಯುವ ಪೆಟ್ಟಿಗೆಯಲ್ಲಿ ಈ ಪುಸ್ತಕದ ಐದು ವಿಮರ್ಶೆಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದಳು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು: ‘ಮೇಡಂ, ಹೀತ್‌ಕ್ಲಿಫ್ ಮೇಲೆ ಕನಿಕರ ಪಡಬೇಕಾ, ಸಿಟ್ಟಾಗಬೇಕಾ?’ ಎರಡೂ ಬೇಕು ಅಂದೆ. ಕ್ಯಾಲೆಂಡರ್ ಹಿಡಿದು ನಿಂತ ಹುಡುಗನ ಮೇಲೆ ಪೂರ್ತಿ ಕನಿಕರ. ಆದರೆ ದುಡ್ಡು, ಮನೆ, ಅಧಿಕಾರ ಎಲ್ಲ ಕೈಗೆ ಬಂದ ಮೇಲೂ ಅವನು ಪಾದ್ರಿಯನ್ನು ಹೊಸ್ತಿಲಲ್ಲೇ ತಡೆದ. ಅದು ಅವನ ಆಯ್ಕೆ. ತನಗಾದ ನೋವು ಗೊತ್ತಿದ್ದೇ ಮಾಡಿದ. ಅದಕ್ಕೆ ಪ್ರೀತಿಯ ನೆಪ ಕೊಡುವುದನ್ನು ನಾನು ಒಪ್ಪುವುದಿಲ್ಲ.

ಕೊಪ್ಪದ ಕಡೆಯ ತೋಟದ ಹಿರಿಯರೊಬ್ಬರು ಕೇಳಿದರು: ‘ಹೀತ್‌ಕ್ಲಿಫ್ ಎದ್ದು ಹೋದದ್ದು ನೆಲ್ಲಿಗೆ ಕಾಣಿಸಿತಲ್ಲ. ಅವಳು ಯಾಕೆ ಆಗಲೇ ಬಾಯಿ ಬಿಡಲಿಲ್ಲ?’ ಒಳ್ಳೆಯ ಪ್ರಶ್ನೆ. ನೆಲ್ಲಿಗೆ ಕಂಡಿತು. ಕ್ಯಾಥರೀನ್‌ಗೆ ಸುಮ್ಮನಿರು ಅಂತಲೂ ಹೇಳಿದಳು. ಯಾಕೆ ಅಂದಾಗ, ಮನೆಯ ಹಳೇ ಆಳು ಜೋಸೆಫ್ ಬರುತ್ತಿದ್ದಾನೆ ಅಂತ ಗಾಡಿಯ ಸದ್ದಿನ ನೆಪ ಕೊಟ್ಟಳು. ಒಡೆಯರ ಮನೆಯಲ್ಲಿ ದುಡಿಯುವ ಹೆಂಗಸು ಕೇಳಿದ್ದನ್ನು ನುಂಗುವುದನ್ನೇ ಮೊದಲು ಕಲಿಯುತ್ತಾಳೆ. ಬೇಸಿಗೆಯಲ್ಲಿ ಒಂದೇ ಅಂಗಳದಲ್ಲಿ ಆಡಿದ ಮಕ್ಕಳು ಬೆಳೆದು ಯಜಮಾನರಾದ ಮೇಲೆ ಅವಳಿಗೆ ಇರುವ ರಕ್ಷಣೆ ಅದೊಂದೇ. ಆದರೆ ಅದೇ ನೆಲ್ಲಿ, ಗ್ರೇಂಜಿನ ಪುಸ್ತಕದ ಕೋಣೆಯಲ್ಲಿ ತಾನು ತೆರೆದು ನೋಡದ ಪುಸ್ತಕ ಇಲ್ಲ, ಗ್ರೀಕ್, ಲ್ಯಾಟಿನ್, ಫ್ರೆಂಚ್ ಸಾಲುಗಳನ್ನು ಬಿಟ್ಟರೆ, ಅಂತ ಹೇಳಿಕೊಳ್ಳುತ್ತಾಳೆ. ಬಡವನ ಮಗಳಿಂದ ಅಷ್ಟಾದರೆ ಸಾಕಲ್ಲ ಅನ್ನುತ್ತಾಳೆ. ಅವಳು ಓದಿಕೊಂಡಿದ್ದರಿಂದಲೇ ಈ ಕಥೆ ನಮಗೆ ಸಿಕ್ಕಿದೆ.

ಮುಂದಿನ ಸಲ ಸೇರುವಾಗ 24, 31 ಮತ್ತು 32ನೇ ಅಧ್ಯಾಯಗಳನ್ನು ಓದಿಕೊಂಡು ಬನ್ನಿ. ಹೆಸರುಗಳು ಗೊಂದಲ ಮಾಡುತ್ತವೆ, ಮೊದಲು ಎರಡೂ ಮನೆಯ ವಂಶವೃಕ್ಷ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೇರ್ಟನ್ ಪುಸ್ತಕ ಸುಟ್ಟದ್ದರ ಬಗ್ಗೆ ಆವತ್ತು ನೀವು ಮಾತಾಡಬೇಕು, ನಾನು ಕೇಳುತ್ತೇನೆ.